ನಲವತ್ತೊಂದನೇ ನಿಮಿಷದ ಒಂದು ಬೈಟ್

ಇಲ್ಲಿ ಏನೂ ಬರೆಯದೆ ನಾಲ್ಕೈದು ತಿಂಗಳಾಯಿತು. ಕೆಲಸ, ಊರು, ಊರಿನ ಕೆಲಸ ಅಂತ ದಿನ ದೂಡಿದೆ. ಈ ಸಲದ ವಿಷಯ ಸ್ವಲ್ಪ ಒಣ... ಎಚ್‌ಟಿಟಿಪಿ ಹೆಡರ್‌ಗಳ ಇತಿಹಾಸ! ಓಡಿಹೋಗಬೇಡಿ, ನಡುವೆ ನಮ್ಮ ಮುತ್ಯಾ ಬರ್ತಾನೆ :-)

ಮುತ್ಯಾ ಅಂದರೆ ಅಜ್ಜ. ಕಮಲಾಪುರದವನು. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ದಾರಿಯಲ್ಲಿ ಸಿಗುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು ಅದು. ಮುತ್ಯಾ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುತ್ತಿದ್ದ. ಏಕತಾರಿ ಹಿಡಿದು ರಾತ್ರಿಯೆಲ್ಲ ಕೂತು ಹಾಡುವ ಭಜನಾ ಮೇಳದ ಪೈಕಿ ಉಳಿದಿದ್ದ ಇಬ್ಬರಲ್ಲಿ ಒಬ್ಬ. ಹೋದ ವರ್ಷ ನನ್ನ ಕಾಕಾನ ಮಗ ಒಂದು ಅಮಾವಾಸ್ಯೆಯ ರಾತ್ರಿ ಅವನ ಹಾಡನ್ನು ಫೋನಿನಲ್ಲಿ ಹಿಡಿದ. ಒಂದು ಗಂಟೆ ಐವತ್ತೆರಡು ನಿಮಿಷ. ಅವನ ರೆಕಾರ್ಡರ್ ಆಪ್ ಎಲ್ಲವನ್ನೂ ಕುಗ್ಗಿಸದೆ ಡಬ್ಲ್ಯೂಎವಿ ಕಡತವಾಗಿ ಇಡುತ್ತಿತ್ತು. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 44,100 ಮಾದರಿ, ಮಾದರಿಗೆ ಎರಡು ಬೈಟ್, ಎಡ ಬಲ ಎರಡು ಚಾನೆಲ್. ಸೆಕೆಂಡಿಗೆ 1,76,400 ಬೈಟ್. ಒಟ್ಟು ಹತ್ತಿರ ಹತ್ತಿರ 1.18 ಜಿಬಿ.

ಮನೆಯವರ ಫೋಟೋ, ವಿಡಿಯೋ ಇಡುವುದಕ್ಕೆ ಅಂತ ನಾನು ಬಾಡಿಗೆಯ ಸರ್ವರೊಂದರಲ್ಲಿ ಪುಟ್ಟ ಅಪ್‌ಲೋಡ್ ಪುಟ ಬರೆದಿಟ್ಟಿದ್ದೆ. "ಅದಕ್ಕ ಹಾಕು" ಅಂದೆ. ಹಾಕಿದ. ಕಮಲಾಪುರದಲ್ಲಿ ಅವನ ಫೋನಿಗೆ ಮೇಲಕ್ಕೆ ಕಳಿಸುವ ವೇಗ ಒಂದು ಎಂಬಿಪಿಎಸ್ ಸಿಕ್ಕರೆ ದೊಡ್ಡದು. ಆ ವೇಗ ಒಂದೇ ಸಮ ಸಿಕ್ಕರೂ ಎರಡೂವರೆ ಗಂಟೆ ಮೀರುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ, ಟವರ್ ಮಲಗುತ್ತದೆ, ಯಾರದೋ ಫೋನ್ ಬರುತ್ತದೆ. ಅದಕ್ಕೇ ನನ್ನ ಪುಟದಲ್ಲಿ, ಕಡಿದರೆ ಕಡಿದಲ್ಲಿಂದಲೇ ಮುಂದುವರಿಯುವ ವ್ಯವಸ್ಥೆ ಇತ್ತು. ಮೂರು ಸಲ ಕಡಿದು ಮೂರು ಸಲ ಮುಂದುವರಿದು ರಾತ್ರಿ ಹನ್ನೊಂದಕ್ಕೆ ಮುಗಿಯಿತು.

"ಅಣ್ಣಾ, ಆಗ್ಯದ ಅಂತ ತೋರಸ್ಲಿಕತ್ತದ. ಫೋನಿನ್ಯಾಗ ಜಾಗಾ ಇಲ್ಲ, ಅಳಸ್ಲೇನು?"

"ಅಳಸು."

ಹೌದು, ಹಾಗೆ ಅಂದವನು ನಾನೇ. ಕೇಳಿ ನೋಡದೆ. ಮೂರು ತಿಂಗಳ ಮೇಲೆ ಮುತ್ಯಾ ತೀರಿಕೊಂಡ. ಹದಿಮೂರನೇ ದಿನ ಮನೆಯಲ್ಲಿ ಎಲ್ಲರೂ ಕೂತು ಕೇಳೋಣ ಅಂತ ಕಡತ ತೆರೆದೆವು. ನಲವತ್ತು ನಿಮಿಷ ಚೆನ್ನಾಗಿತ್ತು. ನಲವತ್ತೊಂದನೇ ನಿಮಿಷದ ಕೊನೆಗೆ, ಒಂದು ಪದದ ನಟ್ಟನಡುವೆ, ತಗಡಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಭರ್ರ್... ಅಲ್ಲಿಂದ ಕೊನೆಯವರೆಗೂ ಅದೇ. ಆಯಿ ಕಿವಿ ಮುಚ್ಚಿಕೊಂಡಳು.

ಆ ಭರ್ರ್‌ನ ಮೂಲ ಹುಡುಕುತ್ತ ಹೋದವನು ಎಲ್ಲೆಲ್ಲಿಗೋ ಹೋಗಿ ಬಂದೆ. ಆ ತಿರುಗಾಟದ್ದೇ ಈ ಬರಹ.

ಹೆಡರ್ ಅಂದರೇನು ಅಂತ ಕೇಳುವ ಗೆಳೆಯರಿಗೆ ನಮ್ಮ ಕಲಬುರಗಿ ಗಂಜಿನ ಉದಾಹರಣೆ ಕೊಡುತ್ತೇನೆ. ತೊಗರಿ ತುಂಬಿದ ಲಾರಿ ಹೊರಟಾಗ ಡ್ರೈವರ್ ಕೈಯಲ್ಲಿ ಒಂದು ಬಿಲ್ಟಿ ಇರುತ್ತದೆ. ಯಾರ ಮಾಲು, ಯಾರಿಗೆ, ಎಷ್ಟು ಚೀಲ. ಮಾಲು ಚೀಲದಲ್ಲಿ, ಮಾಲಿನ ವಿಷಯ ಬಿಲ್ಟಿಯಲ್ಲಿ. ಬ್ರೌಸರ್ ಏನನ್ನೇ ಕಳಿಸಿದರೂ ಮೊದಲು ಇಂಥದೊಂದು ಬಿಲ್ಟಿ ಹೋಗುತ್ತದೆ, ಅದೇ ಹೆಡರ್. ಇನ್ನು ಲಾರಿ ಅರ್ಧ ಇಳಿಸಿದಾಗ ಮಳೆ ಬಂದು ಕೆಲಸ ನಿಂತಿತು ಅನ್ನಿ. ಮರುದಿನ ಎಷ್ಟನೇ ಚೀಲದಿಂದ ಇಳಿಸಬೇಕು? ಇದನ್ನು ಹೇಳಬೇಕಾದವರು ಯಾರು, ಕಳಿಸಿದವರೋ ಇಳಿಸಿಕೊಂಡವರೋ? ಕಳೆದ ನಲವತ್ತು ಚಿಲ್ಲರೆ ವರ್ಷದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

1977ರಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ಬರೆದ ಎಕ್ಸ್‌ಮೋಡೆಮ್ ಎಂಬ ಪದ್ಧತಿಯಿತ್ತು. ಟೆಲಿಫೋನ್ ತಂತಿಯ ಮೇಲೆ 128 ಬೈಟಿನ ತುಂಡುಗಳನ್ನು ಒಂದೊಂದಾಗಿ ಕಳಿಸುವುದು, ಪ್ರತಿ ತುಂಡಿಗೂ ಆ ಕಡೆಯಿಂದ "ಸಿಕ್ಕಿತು" ಅಥವಾ "ಮತ್ತೆ ಕಳಿಸು" ಅಂತ ಉತ್ತರ. ತುಂಡು ಕೆಟ್ಟರೆ ಪರಿಹಾರವಿತ್ತು. ಆದರೆ ಲೈನೇ ಕಡಿದುಹೋದರೆ ಮತ್ತೆ ಮೊದಲಿನಿಂದ. ಮುಂದೆ ಬಂದ 2400 ಬಿಪಿಎಸ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಹೋಗುವುದೇ 240 ಬೈಟ್ ಆಸುಪಾಸು, ಒಂದು ಎಂಬಿಗೆ ಒಂದು ಗಂಟೆ ಹತ್ತು ನಿಮಿಷ. ಅರುವತ್ತೈದನೇ ನಿಮಿಷದಲ್ಲಿ ಲೈನ್ ಕಡಿದರೆ ಹೊಟ್ಟೆಗೆ ಹೇಗಾಗಿರಬೇಡ!

ಅದಕ್ಕೆ ಉತ್ತರ ಕೊಟ್ಟದ್ದು 1986ರ ಝಡ್‌ಮೋಡೆಮ್. ಬರೆದವರು ಚಕ್ ಫೋರ್ಸ್‌ಬರ್ಗ್. ಇದರಲ್ಲಿ ಝಡ್‌ಆರ್‌ಪಿಒಎಸ್ ಅಂತ ಒಂದು ಸಂದೇಶವಿದೆ. ಇಳಿಸಿಕೊಳ್ಳುವವನು ತನ್ನ ಹತ್ತಿರ ಈಗಾಗಲೇ ಎಷ್ಟು ಬೈಟ್ ಇದೆ ನೋಡಿ, "ಇಂಥ ಸ್ಥಾನದಿಂದ ಕಳಿಸು" ಅನ್ನುತ್ತಾನೆ. ಒಂದೇ ಒಂದು ಸಂಖ್ಯೆ. ಕಳಿಸುವವನು ತನ್ನ ನೆನಪನ್ನು ನಂಬುವುದಿಲ್ಲ, ಪಡೆದವನ ಲೆಕ್ಕವನ್ನು ನಂಬುತ್ತಾನೆ. ನಮ್ಮ ಹಮಾಲರಿಗೆ ಇದು ಮೊದಲಿನಿಂದ ಗೊತ್ತು ಬಿಡಿ.

ಎಫ್‌ಟಿಪಿಯ ಕತೆ ತಮಾಷೆಯದು. 1985ರ ಅಕ್ಟೋಬರಿನಲ್ಲಿ ಬಂದ 959ನೇ ಆರ್‌ಎಫ್‌ಸಿಯಲ್ಲೇ ರೆಸ್ಟ್ ಎಂಬ ಆಜ್ಞೆ ಇತ್ತು. ವಿಶ್ರಾಂತಿಯಲ್ಲ, ರೀಸ್ಟಾರ್ಟ್‌ನ ಮೊದಲ ನಾಲ್ಕಕ್ಷರ. ಆದರೆ ಎಲ್ಲರೂ ಬಳಸುತ್ತಿದ್ದ ಸ್ಟ್ರೀಮ್ ವಿಧಾನಕ್ಕೆ ಅದು ಅಧಿಕೃತವಾಗಿ ಅನ್ವಯಿಸುತ್ತಿರಲಿಲ್ಲ. ಜನ ಹಾಗೇ ಬಳಸಿದರು, ಸರ್ವರ್‌ಗಳೂ ಒಪ್ಪಿಕೊಂಡವು, ನಿಯಮ ಪುಸ್ತಕಕ್ಕೆ ಸೇರಿದ್ದು 2007ರ ಮಾರ್ಚಿನಲ್ಲಿ, 3659ನೇ ಆರ್‌ಎಫ್‌ಸಿಯಾಗಿ. ಇಪ್ಪತ್ತೊಂದು ವರ್ಷ! ನಮ್ಮ ತಹಶೀಲ್ ಕಚೇರಿಯ ಕಡತಗಳೇ ವಾಸಿ.

ಈಗ ವೆಬ್ಬಿಗೆ ಬರೋಣ. ವೆಬ್ ಹುಟ್ಟಿದ್ದು ಓದುವುದಕ್ಕೆ, ಕೊಡುವುದಕ್ಕಲ್ಲ. ಬ್ರೌಸರಿನ ಫಾರ್ಮ್‌ನಿಂದ ಕಡತ ಕಳಿಸುವ ಪದ್ಧತಿ ಬರೆಯಲಾದದ್ದು 1995ರ ನವೆಂಬರಿನಲ್ಲಿ, 1867ನೇ ಆರ್‌ಎಫ್‌ಸಿಯಲ್ಲಿ. ಅದೇ ವರ್ಷದ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತ್ತು. ಆ ಅಪ್‌ಲೋಡ್‌ನಲ್ಲಿ ಮುಂದುವರಿಕೆಯ ಮಾತೇ ಇರಲಿಲ್ಲ. ಹೋದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ.

1997ರ ಜನವರಿಯಲ್ಲಿ ಎಚ್‌ಟಿಟಿಪಿ 1.1 ಬಂತು, 2068ನೇ ಆರ್‌ಎಫ್‌ಸಿ. 1999ರ ಜೂನ್‌ನಲ್ಲಿ ಅದನ್ನೇ ತಿದ್ದಿ 2616 ಮಾಡಿದರು. ಇದರಲ್ಲಿ ರೇಂಜ್ ಎಂಬ ಹೆಡರ್ ಬಂತು. "ಈ ಕಡತದ ಇಂಥ ಬೈಟಿನಿಂದ ಇಂಥ ಬೈಟಿನವರೆಗೆ ಕೊಡು" ಅಂತ ಬ್ರೌಸರ್ ಕೇಳಬಹುದು. ಸರ್ವರ್ 206 ಎಂಬ ಸಂಖ್ಯೆಯೊಂದಿಗೆ, ಕಂಟೆಂಟ್-ರೇಂಜ್ ಹೆಡರ್ ಹಾಕಿ ಆ ತುಂಡನ್ನಷ್ಟೇ ಕೊಡುತ್ತದೆ. ಡೌನ್‌ಲೋಡ್ ಮ್ಯಾನೇಜರ್‌ಗಳೆಲ್ಲ ಬದುಕಿದ್ದು ಈ ಒಂದು ಸಾಲಿನ ಮೇಲೆ. ನಾನು ಹೈಸ್ಕೂಲಿನಲ್ಲಿದ್ದಾಗ ಸೂಪರ್ ಮಾರ್ಕೆಟ್ ಹತ್ತಿರದ ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು, ಇವತ್ತು ಅರ್ಧ ನಾಳೆ ಅರ್ಧ ಅಂತ ಹಾಡು ಇಳಿಸಿಕೊಂಡದ್ದು ನೆನಪಿದೆ. ಆಗ ನಮ್ಮ ಊರಿನ್ನೂ ಗುಲ್ಬರ್ಗಾ, ಕಲಬುರಗಿ ಅಂತ ಅಧಿಕೃತವಾಗಿ ಆದದ್ದು 2014ರ ನವೆಂಬರ್ 1ಕ್ಕೆ.

ಇಲ್ಲೊಂದು ಸಣ್ಣ ವಿಷಯ ಗಮನಿಸಿ, ಮುಂದೆ ಬೇಕಾಗುತ್ತದೆ. ರೇಂಜ್‌ನಲ್ಲಿ 0-499 ಅಂದರೆ 500 ಬೈಟ್. ಎಣಿಕೆ ಸೊನ್ನೆಯಿಂದ, ಕೊನೆಯ ಸಂಖ್ಯೆಯೂ ಸೇರಿದ್ದು. ಮುಂದಿನ ತುಂಡು 500ರಿಂದ ಶುರುವಾಗಬೇಕು, 499ರಿಂದ ಅಲ್ಲ. ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲೇ ಒಂದು ಟಿಪ್ಪಣಿ ಬರೆದು, ಶುರುವಿನ ಸಂಖ್ಯೆ ಸೇರಿಸಿ ಕೊನೆಯದನ್ನು ಬಿಡುವುದೇ ಸರಿಯಾದ ಕ್ರಮ ಅಂತ ವಾದಿಸಿದ್ದರು. ಎಚ್‌ಟಿಟಿಪಿ ಬರೆದವರು ಬೇರೆ ದಾರಿ ಹಿಡಿದರು.

ಕೊಡುವುದಕ್ಕೆ ರೇಂಜ್ ಇದ್ದರೆ, ಪಡೆಯುವುದಕ್ಕೂ ಅದನ್ನೇ ತಿರುಗಿಸಿ ಬಳಸಿದರೆ ಆಯಿತಲ್ಲ? ಪುಟ್ ಎಂಬ ವಿನಂತಿಗೆ ಕಂಟೆಂಟ್-ರೇಂಜ್ ಹೆಡರ್ ಹಚ್ಚಿ ಕಡತದ ತುಂಡು ಕಳಿಸಿದರೆ? ತುಂಬಾ ಜನಕ್ಕೆ ಇದು ಹೊಳೆಯಿತು. ಆದರೆ ಹಳೆಯ ಸರ್ವರ್ ಆ ಹೆಡರನ್ನು ನೋಡದೆ, ಬಂದ ತುಂಡನ್ನೇ ಪೂರ್ತಿ ಕಡತ ಅಂತ ತಿಳಿದು ಹಳೆಯದರ ಮೇಲೆ ಬರೆದುಬಿಟ್ಟರೆ? ಈ ಭಯಕ್ಕೇ 2616ರಲ್ಲಿ ಕಟ್ಟುನಿಟ್ಟಾಗಿ ಬರೆದರು: ಪುಟ್ ಜೊತೆ ಕಂಟೆಂಟ್ ಅಂತ ಶುರುವಾಗುವ ಹೆಡರ್ ಬಂದು, ಅದು ಸರ್ವರ್‌ಗೆ ಅರ್ಥವಾಗದಿದ್ದರೆ ಅಲಕ್ಷಿಸುವಂತಿಲ್ಲ, 501 ಎಂದು ತಿರಸ್ಕರಿಸಬೇಕು. 2014ರ 7231 ಇನ್ನೂ ಬಿಗಿ, ಪುಟ್‌ನಲ್ಲಿ ಕಂಟೆಂಟ್-ರೇಂಜ್ ಕಂಡರೆ 400 ಕೊಟ್ಟು ಕಳಿಸು ಅಂದಿತು. 2022ರ ಜೂನ್‌ನಲ್ಲಿ ಬಂದ 9110 ಸ್ವಲ್ಪ ಸಡಿಲಿಸಿ, ಕೆಲವು ಸರ್ವರ್‌ಗಳು ಹೀಗೆ ತುಂಡು ಪುಟ್ ಒಪ್ಪುತ್ತವೆ ಎಂಬುದನ್ನು ದಾಖಲಿಸಿತು.

ಇತ್ತ ಗೂಗಲ್ 2010ರ ಸುಮಾರಿಗೆ ತನ್ನ ಸೇವೆಗಳಿಗೆ ಇದನ್ನೇ ಬಳಸಿತು. ಕಡಿದ ಮೇಲೆ ಬ್ರೌಸರ್ ಒಂದು ಖಾಲಿ ಪುಟ್ ಕಳಿಸಿ "ಎಲ್ಲಿಗೆ ಬಂದಿತ್ತು?" ಅಂತ ಕೇಳಬೇಕು. ಸರ್ವರ್ 308 ಎಂಬ ಸಂಖ್ಯೆ ಕೊಟ್ಟು, ರೇಂಜ್ ಹೆಡರ್‌ನಲ್ಲಿ 0-42 ಅಂತ ಉತ್ತರಿಸುತ್ತದೆ. ರೇಂಜ್ ಮೂಲತಃ ಕೇಳುವವನ ಹೆಡರ್, ಇಲ್ಲಿ ಹೇಳುವವನ ಬಾಯಿಗೆ ಬಂತು. 308 ಆಗ ಯಾರಿಗೂ ಹಂಚಿಕೆಯಾಗದ ಸಂಖ್ಯೆ. ಆಮೇಲೆ 2014-15ರಲ್ಲಿ ಅದೇ ಸಂಖ್ಯೆಯನ್ನು ಶಾಶ್ವತ ವಿಳಾಸ ಬದಲಾವಣೆಗೆ ಅಂತ ಅಧಿಕೃತವಾಗಿ ಕೊಟ್ಟುಬಿಟ್ಟರು! ಒಂದೇ ಸರ್ವೆ ನಂಬರಿಗೆ ಇಬ್ಬರು ಮಾಲೀಕರು. "ವಿಳಾಸ ಎಲ್ಲಿ?" ಅಂತ ಹುಡುಕಿ ಕಂಗಾಲಾದ ಪ್ರೋಗ್ರಾಂಗಳನ್ನು ನಾನೇ ನೋಡಿದ್ದೇನೆ.

ಬ್ರೌಸರಿನ ಒಳಗೂ ತೊಂದರೆ ಇತ್ತು. ಕಡತವನ್ನು ನಡುವಿನಿಂದ ಕತ್ತರಿಸಿ ಕಳಿಸುವ ಸ್ಲೈಸ್ ಎಂಬ ಸೌಲಭ್ಯ ಬಂದದ್ದೇ 2010-11ರ ಸುಮಾರಿಗೆ. ಮೊದಲು ಅದಕ್ಕೆ ಕೊಡಬೇಕಾದದ್ದು "ಎಲ್ಲಿಂದ, ಎಷ್ಟು". ಒಂದೇ ವರ್ಷದಲ್ಲಿ ಮನಸ್ಸು ಬದಲಿಸಿ "ಎಲ್ಲಿಂದ, ಎಲ್ಲಿಯವರೆಗೆ" ಮಾಡಿದರು. ಎರಡನೇ ಸಂಖ್ಯೆಯ ಅರ್ಥವೇ ಬೇರೆಯಾಯಿತು. ಹಳೆ ಕೋಡ್ ಹೊಸ ಬ್ರೌಸರಿನಲ್ಲಿ ತಪ್ಪು ತುಂಡು ಕತ್ತರಿಸಬಾರದು ಅಂತ ಫೈರ್‌ಫಾಕ್ಸ್‌ನವರು ಮೊಝ್‌ಸ್ಲೈಸ್, ಕ್ರೋಮ್‌ನವರು ವೆಬ್‌ಕಿಟ್‌ಸ್ಲೈಸ್ ಅಂತ ಕೆಲ ಕಾಲ ಹೆಸರನ್ನೇ ಬದಲಿಸಿಕೊಂಡಿದ್ದರು.

ಈ ಗೊಂದಲದ ನಡುವೆ 2013ರಲ್ಲಿ ಟ್ರಾನ್ಸ್‌ಲೋಡಿಟ್ ಎಂಬ ಸಂಸ್ಥೆಯವರು ಟಸ್ ಎಂಬ ಮುಕ್ತ ಪದ್ಧತಿ ಶುರು ಮಾಡಿದರು. ಬರುಬರುತ್ತ ಅದು ಕಂಟೆಂಟ್-ರೇಂಜ್ ಗೊಡವೆ ಬಿಟ್ಟು ಅಪ್‌ಲೋಡ್-ಆಫ್‌ಸೆಟ್ ಎಂಬ ಒಂದೇ ಸಂಖ್ಯೆಗೆ ಬಂದು ನಿಂತಿತು. ಕಡಿದರೆ ಹೆಡ್ ವಿನಂತಿ ಕಳಿಸಿ ಕೇಳು, ಸರ್ವರ್ ಹೇಳಿದ ಸಂಖ್ಯೆಯಿಂದ ಪ್ಯಾಚ್ ವಿನಂತಿಯಲ್ಲಿ ಕಳಿಸು. ಕಳಿಸಿದವನ ಸಂಖ್ಯೆಯೂ ಸರ್ವರ್‌ನ ಸಂಖ್ಯೆಯೂ ಹೊಂದದಿದ್ದರೆ 409, ಮಾಲು ಇಳಿಸಿಕೊಳ್ಳುವುದಿಲ್ಲ. ವಿಮಿಯೋದಂಥವರು ಇದನ್ನು ಬಳಸಿದರು. ಅದೇ ಜಾಡಿನಲ್ಲಿ ಐಇಟಿಎಫ್‌ನಲ್ಲಿ ಅಧಿಕೃತ ಕರಡು ತಯಾರಾಯಿತು, 2023ರ ಐಒಎಸ್ 17ರಲ್ಲಿ ಆಪಲ್ ಅದಕ್ಕೆ ಬೆಂಬಲ ಸೇರಿಸಿತು. ನನಗನ್ನಿಸುವುದು, ಇದು 1986ರ ಝಡ್‌ಮೋಡೆಮ್ ಹೇಳಿದ್ದೇ. ಎರಡು ಸಂಖ್ಯೆಯ ಸುತ್ತು ಹೊಡೆದು ಮತ್ತೆ ಒಂದು ಸಂಖ್ಯೆಗೆ ಬರುವುದಕ್ಕೆ ವೆಬ್ಬಿಗೆ ಇಷ್ಟು ವರ್ಷ ಬೇಕಾಯಿತು.

ಕನ್ನಡದವರಾದ ನಮಗೆ ಇದರಲ್ಲಿ ಬೇರೊಂದು ಪಾಲೂ ಇದೆ. ನುಡಿ, ಬರಹ, ಫಾಂಟ್ ಬರುತ್ತಿಲ್ಲ ಅಂತ ಒದ್ದಾಡಿದವರಿಗೆ ಬೇಗ ಅರ್ಥವಾಗುತ್ತದೆ. ಕಡತದ ಒಳಗೆ ಕನ್ನಡ ಎಷ್ಟು ಬೇಕಾದರೂ ಇರಲಿ, ಹೆಡರ್ ಮಾತ್ರ ಹುಟ್ಟಿನಿಂದ ಇಂಗ್ಲಿಷಿನದು. 2616ರ ಕಾಲದಲ್ಲಿ ಅದರ ಅಕ್ಷರಮಾಲೆ ಐಎಸ್‌ಒ 8859-1, ಅಂದರೆ ಪಶ್ಚಿಮ ಯುರೋಪಿನ ಅಕ್ಷರಗಳಷ್ಟೇ. ಹಾಗಾಗಿ ಕನ್ನಡ ಹೆಸರನ್ನು ಹೆಡರ್‌ನಲ್ಲಿ ಕಳಿಸಬೇಕಾದರೆ ವೇಷ ಹಾಕಿಸಬೇಕು. "ಮುತ್ಯಾ" ಎಂಬ ಪದ ಯೂನಿಕೋಡ್‌ನಲ್ಲಿ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಶೇಕಡಾ ಚಿಹ್ನೆಯ ಪದ್ಧತಿಯಲ್ಲಿ ಬೈಟಿಗೆ ಮೂರಕ್ಷರ, ಅಲ್ಲಿಗೆ 54. ಟಸ್‌ನವರು ಬೇಸ್64 ಆರಿಸಿಕೊಂಡರು, ಅದರಲ್ಲಿ 24.

ಕನ್ನಡದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುವ ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹವನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮತ್ತು ಗೆಳೆಯರು ಮಾಡಿರುವ ದೊಡ್ಡ ಕೆಲಸ. ಆ ಆರ್ಕೈವ್‌ಗೆ ಪ್ರೋಗ್ರಾಂ ಮೂಲಕ ಕಡತ ಏರಿಸುವಾಗ ಶೀರ್ಷಿಕೆ, ಲೇಖಕರ ಹೆಸರು ಎಲ್ಲ ಹೋಗುವುದು ವಿನಂತಿಯ ಹೆಡರ್‌ನಲ್ಲೇ. ಕನ್ನಡ ಇದ್ದರೆ ಶೇಕಡಾ ವೇಷ ಹಾಕಿಸಿ, ಯುಆರ್‌ಐ ಎಂಬ ಮೂರಕ್ಷರ ಬರೆದು ಆವರಣದೊಳಗೆ ಕೂರಿಸಬೇಕು. ಮರೆತರೆ ಪುಸ್ತಕ ಸೇರುತ್ತದೆ, ಹೆಸರು ಕೆಡುತ್ತದೆ. ವಿಕಿಮೀಡಿಯ ಕಾಮನ್ಸ್‌ನವರು ಬೇರೆ ದಾರಿ ಹಿಡಿದರು, 100 ಎಂಬಿ ಮೀರಿದ ಕಡತವನ್ನು ತುಂಡುಗಳಾಗಿ ಪಡೆಯುವಾಗ ಸ್ಥಾನವನ್ನು ಹೆಡರ್‌ನಲ್ಲಲ್ಲ, ಫಾರ್ಮ್‌ನ ಒಳಗೇ ಒಂದು ಅಂಕಣವಾಗಿ ಕೇಳುತ್ತಾರೆ. ಜಾಣತನ.

ಸರಿ, ನಮ್ಮ ಭರ್ರ್‌ಗೆ ಮರಳೋಣ.

ನನ್ನ ಪುಟ ಹಳೆಯ ಗೂಗಲ್ ಮಾದರಿಯದು. ಪುಟ್, ಕಂಟೆಂಟ್-ರೇಂಜ್, 308. ಮೊದಲ ಸಂಶಯ ಕಡತದ ಗಾತ್ರದ ಮೇಲೆ. ಸರ್ವರ್‌ನಲ್ಲಿದ್ದದ್ದು 1,18,54,08,045 ಬೈಟ್. ಬೆಸ ಸಂಖ್ಯೆ! ಎರಡೆರಡು ಬೈಟಿನ ಮಾದರಿಗಳ ಕಡತ ಬೆಸ ಹೇಗಾದೀತು? ಡಬ್ಲ್ಯೂಎವಿ ಕಡತಕ್ಕೂ ತನ್ನದೇ 44 ಬೈಟಿನ ತಲೆಬರಹ ಇರುತ್ತದೆ, ಅದರಲ್ಲಿ ಧ್ವನಿಯ ಗಾತ್ರ 1,18,54,08,000 ಅಂತ ಬರೆದಿತ್ತು. 44 ಕೂಡಿಸಿದರೆ ಕೊನೆಗೆ 044 ಬರಬೇಕು. ಒಂದು ಬೈಟ್ ಹೆಚ್ಚಾಗಿದೆ.

ಸರ್ವರ್‌ನ ದಾಖಲೆಯಲ್ಲಿ, ಹಿಂದೆ ಯಾವುದೋ ತೊಂದರೆಗೆ ಅಂತ, ಬಂದ ಕಂಟೆಂಟ್-ರೇಂಜ್ ಹೆಡರ್‌ಗಳನ್ನೆಲ್ಲ ಬರೆದಿಡುವಂತೆ ಮಾಡಿದ್ದೆ. ಪುಣ್ಯಕ್ಕೆ ಅದನ್ನು ತೆಗೆದಿರಲಿಲ್ಲ. ಮೊದಲ ಸಲ ಕಡಿದಾಗ ಸರ್ವರ್‌ನಲ್ಲಿ 43,38,21,568 ಬೈಟ್ ಇತ್ತು, "0ರಿಂದ 43,38,21,567ರವರೆಗೆ ಸಿಕ್ಕಿದೆ" ಅಂತ ಸರಿಯಾಗೇ ಹೇಳಿತ್ತು. ಫೋನಿನಿಂದ ಬಂದ ಮುಂದಿನ ಹೆಡರ್ ಶುರುವಾದದ್ದು 43,38,21,567ರಿಂದ. 568ರಿಂದ ಶುರುವಾಗಬೇಕಿತ್ತು! ಒಂದು ಕೂಡಿಸುವುದನ್ನು ನಾನು ಮರೆತಿದ್ದೆ. 44 ಕಳೆದು ಸೆಕೆಂಡಿನ 1,76,400ರಿಂದ ಭಾಗಿಸಿದರೆ 40 ನಿಮಿಷ 59 ಸೆಕೆಂಡ್. ಸರಿಯಾಗಿ ಆ ಜಾಗ.

ಈ ತಪ್ಪು ಇಷ್ಟು ದಿನ ಯಾಕೆ ಕಾಣಲಿಲ್ಲ? ಮೊದಲು ನನ್ನ ಸರ್ವರ್ ಹೆಡರ್ ಓದಿ, ಹೇಳಿದ ಸ್ಥಾನಕ್ಕೆ ಹೋಗಿ ಬರೆಯುತ್ತಿತ್ತು. ಒಂದು ಬೈಟ್ ಹಿಂದಿನಿಂದ ಬಂದರೂ ಅದೇ ಬೈಟಿನ ಮೇಲೆ ಅದೇ ಬೈಟ್ ಬೀಳುತ್ತಿತ್ತು, ನಷ್ಟವಿಲ್ಲ. ಆಮೇಲೊಂದು ದಿನ ಕೋಡ್ ಸರಳ ಮಾಡುತ್ತೇನೆ ಅಂತ, ಬಂದದ್ದನ್ನು ಕಡತದ ಕೊನೆಗೆ ಅಂಟಿಸು ಅಂತ ಬದಲಿಸಿದ್ದೆ. ಅಂದರೆ ಕಂಟೆಂಟ್-ರೇಂಜ್ ಹೆಡರನ್ನು ಅಲಕ್ಷಿಸಿದೆ. 1999ರಲ್ಲೇ ಮಾಡಬೇಡಿ ಅಂದದ್ದನ್ನು! ಅದಾದ ಮೇಲೆ ಪರೀಕ್ಷೆ ಮಾಡಿದ್ದು ಕಲಬುರಗಿಯ ರೂಮಿನ ಫೈಬರ್‌ನಲ್ಲಿ, ಅಲ್ಲಿ ಒಮ್ಮೆಯೂ ಕಡಿಯಲೇ ಇಲ್ಲ. ಕೊನೆಗೆ "ಮುಗಿಯಿತು" ಅನ್ನಲು ಗಾತ್ರ ಸಮ ಇದೆಯೇ ಅಂತ ನೋಡುವ ಬದಲು, ಅಷ್ಟು ಅಥವಾ ಹೆಚ್ಚು ಇದೆಯೇ ಅಂತ ನೋಡಿದ್ದೆ.

ಒಂದು ಗಂಟು ಉಳಿಯಿತು. ಮೂರು ಸಲ ಕಡಿದಿತ್ತಲ್ಲ, ಮೂರು ಬೈಟ್ ಹೆಚ್ಚಾಗಬೇಕಿತ್ತು. ಒಂದೇ ಯಾಕೆ? ಕಲಬುರಗಿಯಿಂದ ಬೀದರ್ ರೈಲು ಹತ್ತಿದ್ದೆ. 2017ರ ಅಕ್ಟೋಬರಿನಿಂದ ಓಡುತ್ತಿರುವ ಈ ದಾರಿಯಲ್ಲಿ ಕಮಲಾಪುರವೂ ಒಂದು ನಿಲ್ದಾಣ. ಲ್ಯಾಪ್‌ಟಾಪ್ ಮುಚ್ಚಿ ಟಿಕೆಟಿನ ಹಿಂದೆ ಬರೆದು ನೋಡಿದಾಗ ಗೊತ್ತಾಯಿತು. ಮೊದಲ ಜೋಡಣೆಯ ನಂತರ ಸರ್ವರ್‌ನ ಎಣಿಕೆಯೇ ಒಂದು ಮುಂದೆ ಹೋಗಿತ್ತು. ಫೋನು ಒಂದು ಹಿಂದಿನಿಂದ ಕಳಿಸುತ್ತಿತ್ತು. ಒಂದು ಹೆಚ್ಚು, ಒಂದು ಕಡಿಮೆ, ಎರಡನೇ ಸಲದಿಂದ ತಾನಾಗಿಯೇ ಸರಿಹೊಂದಿತ್ತು. ಕೆಟ್ಟದ್ದು ಒಂದೇ ಕಡೆ. ಅಲ್ಲಿಂದ ಮುಂದೆ ಪ್ರತಿ ಮಾದರಿಯ ದೊಡ್ಡ ಬೈಟಿನ ಜಾಗಕ್ಕೆ ಸಣ್ಣ ಬೈಟ್ ಬಂದು ಕೂತು ಮುತ್ಯಾನ ದನಿ ಭರ್ರ್ ಆಗಿತ್ತು. ನೂರರ ಸ್ಥಾನಕ್ಕೆ ಬಿಡಿಯನ್ನು ಬರೆದ ಹಾಗೆ. ದನಿಯೇನೂ ಹೋಗಿರಲಿಲ್ಲ, ಒಂದು ಮನೆ ಸರಿದಿತ್ತಷ್ಟೆ.

ಮೂಲದ ಮೇಲೆ ಕೈ ಹಾಕದೆ ನಕಲು ಮಾಡಿಕೊಂಡೆ. ಮೊದಲ 43,38,21,568 ಬೈಟ್ ಹಾಗೇ ತೆಗೆದುಕೊಂಡು, ಒಂದು ಬೈಟ್ ಬಿಟ್ಟು, ಉಳಿದದ್ದನ್ನೆಲ್ಲ ಅಂಟಿಸಿದೆ. ಗಾತ್ರ ನೋಡಿದೆ, 044. ಹೆಡ್‌ಫೋನ್ ಹಾಕಿಕೊಳ್ಳುವ ಧೈರ್ಯ ಬರಲಿಲ್ಲ, ಮೊದಲು ಅಲೆಯ ಚಿತ್ರ ನೋಡಿದೆ. ಗೋಡೆಯಂತೆ ನಿಂತಿದ್ದ ಕಪ್ಪು ಪಟ್ಟಿಯ ಜಾಗದಲ್ಲಿ ಏಕತಾರಿಯ ಏರಿಳಿತ ಕಂಡಿತು.

ಶನಿವಾರ ಕಮಲಾಪುರಕ್ಕೆ ಹೋಗಿ ಆಯಿಗೆ ಕೇಳಿಸಿದೆ. 41ನೇ ನಿಮಿಷ ದಾಟಿತು. ಪದ ಮುಗಿದ ಮೇಲೆ ಮುತ್ಯಾ ಕೆಮ್ಮಿ, ನೀರು ಕುಡಿದು, "ಆಕಿ ಮಲಗ್ಯಾಳೇನೋ?" ಅಂತ ಕಾಕಾನ ಮಗನಿಗೆ ಕೇಳುವುದೂ ಅದರಲ್ಲಿತ್ತು. "ಮಲಗಿದ್ದಿಲ್ಲ, ಕೇಳ್ಲಿಕತ್ತಿದ್ದೆ" ಅಂದಳು ಆಯಿ, ಫೋನಿಗೆ.

ಅಪ್‌ಲೋಡ್ ಪುಟವನ್ನು ಈಗ ಟಸ್‌ಗೆ ಬದಲಿಸಿದ್ದೇನೆ. ಮೇಳದಲ್ಲಿದ್ದ ಇನ್ನೊಬ್ಬ ಮುತ್ಯಾನ ಹಾಡು ಹಿಡಿಯುವುದಿದೆ, ಮುಂದಿನ ಅಮಾವಾಸ್ಯೆಗೆ. ಕಾಕಾನ ಮಗನಿಗೆ ಒಂದು ಮೆಮರಿ ಕಾರ್ಡ್ ಕೊಡಿಸಿದ್ದೇನೆ, 128 ಜಿಬಿಯದು.